ಕಣ್ಣು ಕೊಟ್ಟ ಅಜ್ಜಿ ಕಣ್ಣಿಲ್ಲದೆ ಏಳ್ತಾಳಾ?

ಕಳೆದ ಸೆಮಿಸ್ಟರ್‌ನಲ್ಲಿ ಎರಡನೇ ಇಂಟರ್ನಲ್ಸ್ ಮುಗಿದ ದಿನವೇ ಊರಿಂದ ಫೋನ್ ಬಂತು. ಅಜ್ಜಿ ಹೋಗಿಬಿಟ್ಟಿದ್ದಳು. ಸಂಜೆ ನಾಲ್ಕಕ್ಕೆ ಬಸ್ ಹತ್ತಿ ಎಂಟೂವರೆಗೆಲ್ಲ ಹಾಸನದ ಹತ್ತಿರದ ನಮ್ಮೂರಲ್ಲಿದ್ದೆ. ಮನೆ ತುಂಬ ಜನ. ನಡುಮನೆಯಲ್ಲಿ ಹೆಂಗಸರು ಜಪಸರ ಹೇಳ್ತಿದ್ರು. ಹಿಂದೆ ಅಡುಗೆಮನೆಯಲ್ಲಿ ಅಪ್ಪನಿಗೂ ದೊಡ್ಡಪ್ಪನಿಗೂ ಮೆಲುದನಿಯಲ್ಲಿ ಜಗಳ ನಡೀತಿತ್ತು.

ವಿಷಯ ಇಷ್ಟೇ. 2021ರಲ್ಲಿ ಅಪ್ಪು ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು ಅನ್ನೋ ಸುದ್ದಿಯನ್ನ ಅಜ್ಜಿ ಟಿವಿಯಲ್ಲಿ ನೋಡಿದ್ದಳು. ರಾಜ್‌ಕುಮಾರ್ ಸಿನಿಮಾ ಅಂದ್ರೆ ಪ್ರಾಣ ಬಿಡ್ತಿದ್ದವಳು, ಮರು ವರ್ಷವೇ ನೇತ್ರದಾನದ ಫಾರಂಗೆ ಹೆಬ್ಬೆಟ್ಟು ಒತ್ತಿದ್ದಳು. ಆದರೆ ಫಾರಂ ತುಂಬಿದ್ದರೂ ಸತ್ತ ಮೇಲೆ ಮನೆಯವರ ಒಪ್ಪಿಗೆ ಬೇಕೇ ಬೇಕು. ಅದೂ ಸುಮಾರು ಆರು ಗಂಟೆಯೊಳಗೆ ಆಗಬೇಕು. ಐ ಬ್ಯಾಂಕಿನವರು ಬಂದು ಜಗಲಿ ಮೇಲೆ ಕೂತಿದ್ದರು. ದೊಡ್ಡಪ್ಪ ಸಹಿ ಹಾಕ್ತಿರಲಿಲ್ಲ.

"ಕಡೇ ದಿನ ಎಲ್ಲರೂ ಎದ್ದು ನಿಂತಾಗ ಅವ್ವ ಒಬ್ಬಳೇ ಕುರುಡಿಯಾಗಿ ನಿಲ್ಲಬೇಕಾ?" ಇದು ಅವರ ಪ್ರಶ್ನೆ.

ಆ ಪ್ರಶ್ನೆಗೆ ಅಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ನಾವು ಕ್ಯಾಥೊಲಿಕರು. ಪ್ರತಿ ಭಾನುವಾರ ಪೂಜೆಯಲ್ಲಿ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳ್ತೀವಿ. ಅದರ ಕೊನೆಗೆ ಸತ್ತವರು ಎದ್ದು ಬರುವುದನ್ನು, ಆಮೇಲಿನ ನಿತ್ಯಜೀವವನ್ನು ನಂಬುತ್ತೇವೆ ಅನ್ನೋ ಮಾತು ಬರುತ್ತೆ. ಅಷ್ಟು ಹೊತ್ತಿಗೆ ನನ್ನ ಮನಸ್ಸು ಮಧ್ಯಾಹ್ನದ ಊಟದಲ್ಲಿ ಇರ್ತಿತ್ತು. ಬಾಯಿಪಾಠ ಆದದ್ದರ ಅರ್ಥ ಯಾರು ಕೇಳ್ತಾರೆ? ದೊಡ್ಡಪ್ಪ ಮಾತ್ರ ಆ ಸಾಲನ್ನ ನಿಜವಾಗಿ ನಂಬಿದ್ದರು. ಅದಕ್ಕೇ ಅವರಿಗೆ ಕಷ್ಟ ಆಗಿತ್ತು.

ಅಂತ್ಯಕ್ರಿಯೆ ಮುಗಿಸಿ ಹಾಸ್ಟೆಲ್‌ಗೆ ಬಂದಾಗ ರೂಮ್‌ಮೇಟ್ ಕೇಳಿದ: "ಆತ್ಮ ಸ್ವರ್ಗಕ್ಕೆ ಹೋಗುತ್ತೆ ಅಂತೀರ. ಮತ್ತೆ ದೇಹದ ಬಗ್ಗೆ ಯಾಕಷ್ಟು ತಲೆ ಕೆಡಿಸ್ಕೊಳ್ತೀರ?" ಒಳ್ಳೆ ಪ್ರಶ್ನೆ. ಆಮೇಲೆ ಎರಡು ತಿಂಗಳು, ಓದಬೇಕಾದ್ದು ಬಿಟ್ಟು ಇದನ್ನೇ ಓದಿದೆ. ಓದಿದ್ದನ್ನ ಇಲ್ಲಿ ಹೇಳ್ತೀನಿ. ನನ್ನದು ಇಂಗ್ಲಿಷ್ ಮೀಡಿಯಂ ಕನ್ನಡ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಆತ್ಮ ಹಾರಿಹೋಗುವ ಕಥೆ ಅಲ್ಲ

ಮೊದಲು ಒಂದು ತಪ್ಪು ತಿಳುವಳಿಕೆ ಸರಿ ಮಾಡಬೇಕು. ಇದು ನನ್ನದೂ ಆಗಿತ್ತು. ಸತ್ತರೆ ಆತ್ಮ ಮೇಲೆ ಹೋಗುತ್ತೆ, ದೇಹ ಮಣ್ಣಾಗುತ್ತೆ, ಅಲ್ಲಿಗೆ ಮುಗೀತು. ಇದೇ ಕ್ರೈಸ್ತ ನಂಬಿಕೆ ಅಂದುಕೊಂಡಿದ್ದೆ. ಇದು ಅರ್ಧ ಮಾತ್ರ. ಸತ್ತವರು ದೇವರ ಹತ್ತಿರ ಇರ್ತಾರೆ ಅನ್ನೋ ನಂಬಿಕೆ ಇದೆ, ನಿಜ. ಆದರೆ ಅದು ಕಾಯುವ ಹೊತ್ತು. ಕೊನೆಯ ನಿಲ್ದಾಣ ಬೇರೆ. ಒಂದು ದಿನ ದೇವರು ಸತ್ತವರನ್ನ ದೇಹಸಮೇತ ಎಬ್ಬಿಸ್ತಾನೆ, ಈ ಜಗತ್ತನ್ನೇ ಹೊಸದು ಮಾಡ್ತಾನೆ ಅನ್ನೋದು ಪೂರ್ತಿ ನಂಬಿಕೆ. ಬೈಬಲಿನ ಕೊನೆಯ ಪುಸ್ತಕದಲ್ಲಿ ಜನ ಮೇಲೆ ಹತ್ತಿ ಹೋಗಲ್ಲ, ದೇವರ ನಗರವೇ ಕೆಳಗೆ ಇಳಿದು ಬರುತ್ತೆ. ದೇವರು ಮನುಷ್ಯರ ಜೊತೆ ವಾಸ ಮಾಡಿ ಅವರ ಕಣ್ಣೀರು ಒರೆಸ್ತಾನೆ ಅಂತ ಅಲ್ಲಿದೆ.

ದೇಹವನ್ನ ಹಳೇ ಬಟ್ಟೆಯ ಹಾಗೆ ಬಿಟ್ಟು ಆತ್ಮ ಮುಂದಕ್ಕೆ ಹೋಗುತ್ತೆ ಅನ್ನೋ ಯೋಚನೆ ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಹಳೇ ಗ್ರೀಕರಲ್ಲೂ ಇಂಥದೊಂದು ಇತ್ತು. ಗ್ರೀಕ್ ಭಾಷೆಯಲ್ಲಿ 'ಸೋಮ' ಅಂದ್ರೆ ದೇಹ, 'ಸೇಮ' ಅಂದ್ರೆ ಗೋರಿ. ದೇಹವೇ ಆತ್ಮದ ಗೋರಿ ಅನ್ನೋ ಶ್ಲೇಷೆಯನ್ನ ಪ್ಲೇಟೊ ತನ್ನ ಸಂವಾದಗಳಲ್ಲಿ ಬಳಸಿದ್ದಾನೆ. ಹೀಗೆ ಯೋಚಿಸುವವರಿಗೆ ಸಾವು ಅಂದ್ರೆ ಬಿಡುಗಡೆ. ಬಿಡುಗಡೆ ಆದವನು ಮತ್ತೆ ಜೈಲಿಗೆ ಯಾಕೆ ಬರ್ತಾನೆ? ಅದಕ್ಕೇ ಪೌಲ ಅಥೆನ್ಸ್‌ನಲ್ಲಿ ಮಾತಾಡಿದಾಗ ಜನ ದೇವರ ವಿಷಯವನ್ನೆಲ್ಲ ಕೇಳಿಸ್ಕೊಂಡು, ಸತ್ತವರು ಏಳ್ತಾರೆ ಅಂದ ಕೂಡಲೇ ನಕ್ಕರು. ಆ ಊರಿನಲ್ಲಿ ಅದು ಕೆಲಸಕ್ಕೆ ಬಾರದ ಆಸೆ.

ಯಾವುದು ಮೇಲು ಯಾವುದು ಕೀಳು ಅಂತ ನಾನು ಹೇಳ್ತಿಲ್ಲ. ಲೆಕ್ಕದ ಮೊದಲ ಹೆಜ್ಜೆಯೇ ಬೇರೆ ಅಂತ ಹೇಳ್ತಿದ್ದೀನಿ. ಬೈಬಲಿನ ಮೊದಲ ಪುಟದಲ್ಲಿ ದೇವರು ಮಣ್ಣು, ನೀರು, ಪ್ರಾಣಿ, ಮನುಷ್ಯ ಎಲ್ಲ ಮಾಡಿ ಒಳ್ಳೇದಾಗಿದೆ ಅಂತಾನೆ. ಹಾಗಾದ್ರೆ ದೇಹ ಪ್ಯಾಕಿಂಗ್ ಕವರ್ ಅಲ್ಲ. ಅಜ್ಜಿ ಅಂದ್ರೆ ಅಜ್ಜಿಯ ಒಳಗಿದ್ದ ಯಾವುದೋ ಒಂದು ವಸ್ತು ಅಲ್ಲ. ಮುದ್ದೆ ಕಟ್ಟುತ್ತಿದ್ದ ಆ ಕೈ, ಕುಡುಗೋಲು ತಾಗಿ ಸೆಟೆದುಹೋಗಿದ್ದ ಆ ಬೆರಳು, ಎಲ್ಲ ಸೇರಿಯೇ ಅಜ್ಜಿ.

ಎಲ್ಲಿಂದ ಬಂತು ಈ ನಂಬಿಕೆ?

ಇದು ಯೇಸುವಿಗಿಂತ ಮುಂಚೆಯೇ ಯೆಹೂದ್ಯರಲ್ಲಿ ಬೆಳೆದದ್ದು. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಆಂಟಿಯೋಕಸ್ ಅನ್ನೋ ರಾಜ ಯೆಹೂದ್ಯರ ಧರ್ಮಾಚರಣೆ ನಿಲ್ಲಿಸೋಕೆ ಹೊರಟ. ಒಪ್ಪದವರಿಗೆ ಚಿತ್ರಹಿಂಸೆ. ಕ್ಯಾಥೊಲಿಕ್ ಬೈಬಲಿನಲ್ಲಿರುವ ಮಕ್ಕಬಿಯರ ಎರಡನೇ ಗ್ರಂಥದಲ್ಲಿ ಏಳು ಜನ ಅಣ್ಣತಮ್ಮಂದಿರು, ಅವರ ತಾಯಿಯ ಕಥೆ ಬರುತ್ತೆ. ಮೂರನೆಯವನು ತನ್ನ ಕೈಗಳನ್ನ ಮುಂದೆ ಚಾಚಿ, ಇವನ್ನ ಕೊಟ್ಟದ್ದು ದೇವರು, ಅವನಿಂದಲೇ ಮತ್ತೆ ಪಡೀತೀನಿ ಅನ್ನೋ ಅರ್ಥದ ಮಾತಾಡ್ತಾನೆ.

ಇದನ್ನ ಓದುವವರೆಗೂ ಪುನರುತ್ಥಾನ ಅಂದ್ರೆ ಸಾವಿನ ಭಯಕ್ಕೆ ಕಟ್ಟಿಕೊಂಡ ಸಮಾಧಾನ ಅಂತ ನನಗೆ ಅನಿಸಿತ್ತು. ಇಲ್ಲಿ ವಿಷಯ ನ್ಯಾಯದ್ದು. ಕತ್ತರಿಸಿದ್ದು ಕೈಯನ್ನ. ಆತ್ಮಕ್ಕೆ ಮಾತ್ರ ಎಲ್ಲೋ ಒಂದು ಕಡೆ ಸುಖ ಕೊಟ್ಟರೆ ಆ ಕೈಗೆ ಆದ ಅನ್ಯಾಯ ಹಾಗೇ ಉಳಿಯುತ್ತೆ. ದೇವರು ನ್ಯಾಯವಂತ ಆಗಿದ್ರೆ ಕೈಗೂ ಒಂದು ಉತ್ತರ ಕೊಡಬೇಕು. ಯೆಹೂದ್ಯರೆಲ್ಲ ಇದನ್ನ ಒಪ್ಪಿರಲಿಲ್ಲ. ಯೇಸುವಿನ ಕಾಲದಲ್ಲಿ ಫರಿಸಾಯರು ಪುನರುತ್ಥಾನ ಇದೆ ಅಂತಿದ್ರು, ಸದ್ದುಕಾಯರು ಇಲ್ಲ ಅಂತಿದ್ರು.

ಯೇಸುವಿನ ಶಿಷ್ಯರು ಮಾಡಿದ ಹೊಸ ಘೋಷಣೆ ಏನು ಅಂದ್ರೆ, ಕೊನೆಯ ದಿನ ಎಲ್ಲರಿಗೂ ಆಗಬೇಕಾದ್ದು ಒಬ್ಬನಿಗೆ ಈಗಲೇ ಆಗಿದೆ ಅನ್ನೋದು. ಈಸ್ಟರ್ ಹಬ್ಬ ಇದರ ನೆನಪು. ಇದು ಲಾಜರನ ಕಥೆಯ ಹಾಗಲ್ಲ. ಯೇಸು ಲಾಜರನನ್ನ ಗೋರಿಯಿಂದ ಎಬ್ಬಿಸಿದಾಗ ಅವನಿಗೆ ಬಂದದ್ದು ಅದೇ ಹಳೇ ಜೀವ, ಮುಂದೆ ಒಂದು ದಿನ ಅವನೂ ಮತ್ತೆ ಸಾಯಲೇಬೇಕು. ಸುವಾರ್ತೆಗಳು ಹೇಳುವ ಯೇಸುವಿನ ದೇಹ ಬೇರೆ ಥರ. ಬಾಗಿಲು ಹಾಕಿದ್ದ ಮನೆಯೊಳಗೆ ಬಂದು ನಿಲ್ತಾನೆ. ಜೊತೆಗೆ ನಡೆದವರಿಗೇ ಗುರುತು ಸಿಗಲ್ಲ. ಹಾಗಂತ ದೆವ್ವವೂ ಅಲ್ಲ. ಸುಟ್ಟ ಮೀನು ತಿಂತಾನೆ, ಕೆರೆದಡದಲ್ಲಿ ಕೆಂಡದ ಮೇಲೆ ಮೀನು ಬೇಯಿಸಿ ಶಿಷ್ಯರನ್ನ ತಿಂಡಿಗೆ ಕರೀತಾನೆ.

ಬಿತ್ತಿದ ಕಾಳು, ಬಂದ ಪೈರು

ಹಾಗಾದ್ರೆ ಏಳುವ ದೇಹ ಎಂಥದ್ದು? ಕೊರಿಂಥ ಅನ್ನೋ ಗ್ರೀಕ್ ಊರಿನವರು ಪೌಲನಿಗೆ ಇದನ್ನೇ ಕೇಳಿದ್ದರು. ಅವನ ಉತ್ತರ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿದೆ. ಯೇಸು ಸತ್ತು ಇಪ್ಪತ್ತು, ಇಪ್ಪತ್ತೈದು ವರ್ಷದೊಳಗೆ ಬರೆದ ಪತ್ರ ಅದು.

ಪೌಲ ಕೊಡುವ ಉದಾಹರಣೆ ಕಾಳಿನದು. ನಮ್ಮ ಕಡೆಯ ಭಾಷೆಯಲ್ಲಿ ಹೇಳ್ತೀನಿ. ರಾಗಿ ಬಿತ್ತಿದರೆ ರಾಗಿಯೇ ಬರುತ್ತೆ, ಜೋಳ ಬರಲ್ಲ. ಆದರೆ ತೆನೆ ತೂಗುವ ಪೈರು, ಬಿತ್ತಿದ ಆ ಸಣ್ಣ ಕಾಳಿನ ಹಾಗೆ ಕಾಣುತ್ತಾ? ಇಲ್ಲ. ಎರಡೂ ಒಂದೇ, ಎರಡೂ ಬೇರೆ. ಸತ್ತ ದೇಹಕ್ಕೂ ಏಳುವ ದೇಹಕ್ಕೂ ಇರುವ ಸಂಬಂಧ ಇಂಥದ್ದು. ಹಳೇ ಹೆಣ ಎದ್ದು ನಡೆಯೋದಲ್ಲ, ಹಳೆಯದನ್ನ ಬಿಸಾಕಿ ಬೇರೊಂದು ತರೋದೂ ಅಲ್ಲ. ಇದ್ದದ್ದೇ ಬದಲಾಗೋದು.

ಅದೇ ಅಧ್ಯಾಯದಲ್ಲಿ ಪೌಲ 'ಆತ್ಮಿಕ ದೇಹ' ಅನ್ನೋ ಮಾತು ಬಳಸ್ತಾನೆ. ಹೊಗೆಯ ಹಾಗಿರುವ ದೇಹ ಇರಬೇಕು ಅಂದುಕೊಂಡಿದ್ದೆ. ಆದರೆ ಆ ಗ್ರೀಕ್ ಪದ ದೇಹ ಯಾವುದರಿಂದ ಮಾಡಿದ್ದು ಅಂತ ಹೇಳಲ್ಲ, ಯಾವುದರಿಂದ ನಡೆಯುತ್ತೆ ಅಂತ ಹೇಳುತ್ತೆ ಅನ್ನೋದು ಅನೇಕ ವಿದ್ವಾಂಸರ ಅಭಿಪ್ರಾಯ. ಡೀಸೆಲ್ ಪಂಪು ಅಂದ್ರೆ ಡೀಸೆಲ್‌ನಿಂದ ಮಾಡಿದ ಪಂಪಲ್ಲ ತಾನೇ? ಹಾಗೆ ದೇವರ ಆತ್ಮದಿಂದ ನಡೆಯುವ, ಸವೆಯದ, ಸಾಯದ ದೇಹ.

ಹಳೇ ಕಾಲದವರು ಕೇಳಿದ ಪ್ರಶ್ನೆಗಳು

ದೊಡ್ಡಪ್ಪನ ಪ್ರಶ್ನೆ ಹೊಸದಲ್ಲ ಅಂತ ಆಮೇಲೆ ಗೊತ್ತಾಯ್ತು. ಕ್ರಿಸ್ತಶಕ 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ರೈಸ್ತರನ್ನ ಹಿಂಸಿಸಿ ಕೊಂದರು. ಕೊಂದವರು ಅಷ್ಟಕ್ಕೇ ಬಿಡಲಿಲ್ಲ. ಹೆಣಗಳನ್ನ ಆರು ದಿನ ಬಯಲಲ್ಲಿ ಬಿಟ್ಟು, ಆಮೇಲೆ ಸುಟ್ಟು, ಬೂದಿಯನ್ನ ರೋನ್ ನದಿಗೆ ಗುಡಿಸಿ ಹಾಕಿದರು. ಯಾಕೆ ಗೊತ್ತಾ? ಇವರು ಮತ್ತೆ ಏಳ್ತೀವಿ ಅಂತಾರಲ್ಲ, ಈಗ ಹೇಗೆ ಏಳ್ತಾರೋ ನೋಡೋಣ ಅಂತ. ಉಳಿದ ಕ್ರೈಸ್ತರು ಬರೆದ ಪತ್ರದಲ್ಲಿ ಈ ಘಟನೆ ಇದೆ. ಅದನ್ನ ಯುಸೇಬಿಯಸ್ ತನ್ನ ಚರಿತ್ರೆಯಲ್ಲಿ ಉಳಿಸಿದ್ದಾನೆ. ಬೂದಿಯೂ ಸಿಗದಿದ್ದರೂ ಆ ಜನ ನಂಬಿಕೆ ಬಿಡಲಿಲ್ಲ. ದೇವರಿಗೆ ಏಳಿಸೋಕೆ ಪೂರ್ತಿ ಹೆಣ ಬೇಕು ಅಂತ ಅವರು ಅಂದುಕೊಂಡಿರಲಿಲ್ಲ ಅಂತಾಯ್ತು.

ಅಗಸ್ಟೀನ್ ಐದನೇ ಶತಮಾನದ ಶುರುವಿನಲ್ಲಿ ಇನ್ನೂ ವಿಚಿತ್ರ ಪ್ರಶ್ನೆಗೆ ಉತ್ತರ ಬರೆದ. ಬರಗಾಲದಲ್ಲಿ ಒಬ್ಬನನ್ನ ಇನ್ನೊಬ್ಬ ತಿಂದ ಅಂದುಕೊಳ್ಳಿ. ಆ ಮಾಂಸ ಈಗ ಯಾರದು? ಮೊದಲು ಯಾರದಾಗಿತ್ತೋ ಅವನದೇ, ತಿಂದವನದು ಸಾಲ, ಸಾಲ ತೀರಿಸಬೇಕು ಅಂತಾನೆ ಅಗಸ್ಟೀನ್. ನಗು ಬರುತ್ತೆ. ಇನ್ನೊಂದು ಕಡೆ ಅವನು ಕೊಡುವ ಹೋಲಿಕೆ ಫೌಂಡ್ರಿ ಲ್ಯಾಬ್ ಮಾಡಿದವರಿಗೆ ಇಷ್ಟ ಆಗುತ್ತೆ. ಲೋಹದ ವಿಗ್ರಹ ಕರಗಿಹೋಗಿದೆ. ಶಿಲ್ಪಿ ಅದೇ ಲೋಹದಿಂದ ಮತ್ತೆ ಎರಕ ಹೊಯ್ತಾನೆ. ಮೊದಲು ಬೆರಳಲ್ಲಿದ್ದ ಲೋಹ ಈಗ ಮತ್ತೆ ಬೆರಳಿಗೇ ಬರಬೇಕು ಅಂತೇನಿಲ್ಲ, ಯಾವುದೂ ಕಡಿಮೆಯಾಗದೆ ವಿಗ್ರಹ ಅದೇ ಆದರೆ ಸಾಕು.

ಇನ್ನೂ ಮುಂಚೆ, ಮೂರನೇ ಶತಮಾನದಲ್ಲಿ, ಒರಿಜೆನ್ ಅನ್ನೋ ವಿದ್ವಾಂಸ ದೇಹವನ್ನ ನದಿಗೆ ಹೋಲಿಸಿದ್ದ. ನೀರು ಹರಿದು ಹೋಗ್ತಾನೇ ಇರುತ್ತೆ, ನದಿ ಅದೇ ನದಿ. ನಾವು ತಿಂದದ್ದು, ಕುಡಿದದ್ದು, ಉಸಿರಾಡಿದ್ದು ದೇಹವಾಗಿ ಮತ್ತೆ ಹೊರಗೆ ಹೋಗ್ತಾನೇ ಇರುತ್ತೆ. ಆರನೇ ಕ್ಲಾಸಿನಲ್ಲಿದ್ದ ನನ್ನ ದೇಹದ ಪರಮಾಣುಗಳಲ್ಲಿ ಎಷ್ಟೋ ಈಗ ನನ್ನಲ್ಲಿಲ್ಲ. ಆದರೂ ಅದು ನಾನೇ. ಒರಿಜೆನ್ ದೇಹವನ್ನ ತೀರಾ ತೆಳು ಮಾಡಿಬಿಟ್ಟ ಅಂತ ಮುಂದೆ ಅನೇಕರು ಅವನನ್ನ ಟೀಕಿಸಿದರು, ಅದು ಬೇರೆ ಮಾತು. ಇದೇ ಪರಮಾಣು ಬೇಕು ಅಂತ ಹಟ ಹಿಡಿಯೋದು ಕಷ್ಟ ಅನ್ನೋದು 1800 ವರ್ಷದ ಹಿಂದೆಯೇ ಜನಕ್ಕೆ ಹೊಳೆದಿತ್ತು.

ಹೂಳೋದು ಯಾಕೆ, ಸುಡಬಾರದಾ?

ರೂಮ್‌ಮೇಟ್‌ನ ಇನ್ನೊಂದು ಪ್ರಶ್ನೆ ಇದು. ಹೂಳಿದರೆ ಮಾತ್ರ ಏಳ್ತಾರೆ ಅಂತ ಏನಿಲ್ಲ. ಯೇಸುವನ್ನೂ ಹೂಳಿದ್ದರು, ಹೂಳೋದರಲ್ಲಿ ಬಿತ್ತನೆಯ ಅರ್ಥ ಇದೆ, ಅದಕ್ಕೇ ಆ ರೂಢಿ. ಇಂಗ್ಲಿಷಿನ ಸೆಮೆಟರಿ ಅನ್ನೋ ಪದ ಬಂದದ್ದು ಮಲಗುವ ಜಾಗ ಅನ್ನೋ ಅರ್ಥದ ಗ್ರೀಕ್ ಪದದಿಂದ. 1963ರಲ್ಲಿ ಕ್ಯಾಥೊಲಿಕ್ ಧರ್ಮಸಭೆ ಸುಡುವುದಕ್ಕೂ ಒಪ್ಪಿಗೆ ಕೊಟ್ಟಿತು, ಪುನರುತ್ಥಾನವನ್ನ ಅಲ್ಲಗಳೆಯೋಕೆ ಸುಡಬಾರದು ಅಷ್ಟೇ. 2016ರಲ್ಲಿ, ಬೂದಿಯನ್ನ ಚೆಲ್ಲದೆ ಪವಿತ್ರ ಜಾಗದಲ್ಲಿ ಇಡಬೇಕು ಅಂತ ಹೇಳಿತು. ಅಂದ್ರೆ ಬೂದಿಯಾದರೂ ಅದು ಒಬ್ಬರ ದೇಹ.

ಅಂಗದಾನದ ಬಗ್ಗೆಯೂ ಧರ್ಮಸಭೆಗೆ ತಕರಾರಿಲ್ಲ. 2000ದಲ್ಲಿ ರೋಮ್‌ನಲ್ಲಿ ಅಂಗಾಂಗ ಕಸಿ ತಜ್ಞರ ಸಮ್ಮೇಳನ ನಡೆದಾಗ ಪೋಪ್ ಎರಡನೇ ಜಾನ್ ಪೌಲ್ ಅಲ್ಲಿ ಮಾತಾಡಿ, ಅದನ್ನ ಪ್ರೀತಿಯ ಕೆಲಸ ಅಂತ ಹೊಗಳಿದ್ದರು. ಆ ರಾತ್ರಿ ನಮ್ಮ ಅಡುಗೆಮನೆಯಲ್ಲಿದ್ದ ಯಾರಿಗೂ ಇದು ಗೊತ್ತಿರಲಿಲ್ಲ.

ನಿತ್ಯಜೀವ ಬೋರಾಗಲ್ವಾ?

ನಾನೂ ಕೇಳಿಕೊಂಡ ಪ್ರಶ್ನೆ. ಮುಗಿಯದೇ ಇರೋ ಜೀವನ ಅಂದ ಕೂಡಲೇ ನನಗೆ ಶನಿವಾರ ಮಧ್ಯಾಹ್ನದ ಲೆಕ್ಚರ್ ನೆನಪಾಗುತ್ತೆ. ಆದರೆ ಬೈಬಲಿನಲ್ಲಿ ನಿತ್ಯಜೀವ ಅಂತ ಅನುವಾದ ಆಗಿರೋ ಗ್ರೀಕ್ ಮಾತಿಗೆ 'ಬರಲಿರುವ ಯುಗದ ಜೀವ' ಅನ್ನೋ ಅರ್ಥವೂ ಇದೆ. ಅದು ಉದ್ದದ ಮಾತಲ್ಲ, ಎಂಥ ಜೀವ ಅನ್ನೋ ಮಾತು. ಯೋಹಾನನ ಸುವಾರ್ತೆಯಲ್ಲಿ ಯೇಸು ನಿತ್ಯಜೀವ ಅಂದ್ರೆ ದೇವರನ್ನ ಅರಿಯೋದು ಅಂತಾನೆ, ಅದು ಸತ್ತ ಮೇಲೆ ಅಲ್ಲ, ಈಗಲೇ ಶುರುವಾಗುತ್ತೆ ಅಂತಾನೆ.

ಈಗಲೇ ಶುರು ಅನ್ನೋದು ಮುಖ್ಯ. ಯಾಕಂದ್ರೆ ಇದರ ಮೇಲೆ ಒಂದು ದೊಡ್ಡ ಆಕ್ಷೇಪ ಇದೆ. ಮುಂದೆ ಎಲ್ಲ ಸರಿಹೋಗುತ್ತೆ ಅಂತ ಹೇಳಿ ಇವತ್ತಿನ ಕಷ್ಟವನ್ನ ಸಹಿಸ್ಕೊಳ್ಳೋ ಹಾಗೆ ಮಾಡ್ತೀರ ಅಂತ. ಈ ಆಕ್ಷೇಪ ಸುಳ್ಳಲ್ಲ, ಹಾಗೆ ಬಳಸಿದವರೂ ಇದ್ದಾರೆ. ಆದರೆ ಪೌಲ ತನ್ನ ಅಧ್ಯಾಯವನ್ನ ಕಾಯ್ತಾ ಕೂತಿರಿ ಅಂತ ಮುಗಿಸಲ್ಲ. ನೀವು ಪಡುವ ಶ್ರಮ ವ್ಯರ್ಥ ಆಗಲ್ಲ, ಕೆಲಸ ಮಾಡಿ ಅಂತ ಮುಗಿಸ್ತಾನೆ. ದೇವರು ಈ ದೇಹವನ್ನ ಬಿಸಾಕಲ್ಲ ಅಂತಾದ್ರೆ ನಾವೂ ಬಿಸಾಕೋ ಹಾಗಿಲ್ಲ. ನಾಲ್ಕನೇ ಶತಮಾನದಲ್ಲಿ, ಈಗಿನ ಟರ್ಕಿಯಲ್ಲಿರುವ ಸಿಸೇರಿಯದಲ್ಲಿ ಬೇಸಿಲ್ ಅನ್ನೋ ಬಿಷಪ್ ಬಡವರಿಗೆ, ರೋಗಿಗಳಿಗೆ, ಕುಷ್ಠ ಆದವರಿಗೆ ಅಂತಲೇ ದೊಡ್ಡ ಆಶ್ರಯ ಕಟ್ಟಿಸಿದ. ಚರಿತ್ರೆಯ ಮೊದಮೊದಲ ಆಸ್ಪತ್ರೆಗಳಲ್ಲಿ ಅದನ್ನೂ ಸೇರಿಸ್ತಾರೆ. ಯಾರೂ ಮುಟ್ಟದ ದೇಹಕ್ಕೂ ಬೆಲೆ ಇದೆ ಅಂತ ನಂಬಿದವರು ಮಾಡುವ ಕೆಲಸ ಅದು.

ಇದಕ್ಕೆ ಪುರಾವೆ ಕೇಳಿದರೆ ನನ್ನ ಹತ್ತಿರ ಲ್ಯಾಬ್ ರೀಡಿಂಗ್ ಇಲ್ಲ. ಪೌಲನೇ ಇದನ್ನ ಬಚ್ಚಿಡಲ್ಲ. ಕ್ರಿಸ್ತ ಏಳದೇ ಇದ್ದರೆ ನಮ್ಮ ನಂಬಿಕೆಯೆಲ್ಲ ಪೊಳ್ಳು, ನಮ್ಮಷ್ಟು ಅಯ್ಯೋ ಪಾಪ ಅನ್ನಿಸ್ಕೊಳ್ಳೋರು ಇನ್ನಿಲ್ಲ ಅನ್ನೋ ಅರ್ಥದಲ್ಲಿ ಬರೀತಾನೆ. ಎಲ್ಲವನ್ನೂ ಒಂದೇ ಕಡೆ ಪಣಕ್ಕಿಟ್ಟ ಮನುಷ್ಯ. ನನಗೆ ಕೆಲವು ದಿನ ನಂಬಿಕೆ ಗಟ್ಟಿ ಇರುತ್ತೆ, ಕೆಲವು ದಿನ ಇರಲ್ಲ. ಏನನ್ನ ನಂಬ್ತೀನಿ ಅಂತ ಈಗ ಕನಿಷ್ಠ ಗೊತ್ತು.

ಆ ರಾತ್ರಿ

ಒಂಬತ್ತು ಗಂಟೆ ಹೊತ್ತಿಗೆ ಫಾದರ್ ಬಂದರು. ಅಪ್ಪ ವಿಷಯ ಹೇಳಿದರು. ಫಾದರ್ ದೊಡ್ಡಪ್ಪನಿಗೆ ಬೈಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಪಕ್ಕದಲ್ಲಿ ಕೂತು, "ಮಣ್ಣಾದವರನ್ನೇ ಎಬ್ಬಿಸೋನಿಗೆ ಎರಡು ಕಣ್ಣು ಕೊಡೋದು ಕಷ್ಟವೇನಪ್ಪಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಯೇಸು ಎದ್ದು ಬಂದ ಮೇಲೂ ಕೈಯಲ್ಲಿ ಮೊಳೆ ಗಾಯ ಹಾಗೇ ಇತ್ತು ಅಲ್ವಾ, ತೋಮನಿಗೆ ತೋರಿಸಿದ್ದು ಅದನ್ನೇ. ಪ್ರೀತಿಯಿಂದ ಕೊಟ್ಟದ್ದು ಕೊರತೆ ಆಗಲ್ಲ," ಅಂದರು.

ತೋಮ ಅಂದ್ರೆ ಸಂದೇಹ ಪಟ್ಟ ಶಿಷ್ಯ. ಅವನು ಭಾರತಕ್ಕೆ ಬಂದ, ಅವನ ಸಮಾಧಿ ಚೆನ್ನೈನ ಮೈಲಾಪುರದಲ್ಲಿದೆ ಅನ್ನೋದು ಪರಂಪರೆ. ಗಾಯ ಮುಟ್ಟದೆ ನಂಬಲ್ಲ ಅಂದವನಿಗೆ ಯೇಸು ಬೈಯದೆ ಗಾಯ ತೋರಿಸಿದ. ಏಳುವ ದೇಹದಲ್ಲಿ ಗಾಯದ ಗುರುತು ಉಳಿಯುತ್ತೆ, ಆದರೆ ಅದು ನೋಯಲ್ಲ. ಹುತಾತ್ಮರ ಗಾಯದ ಗುರುತುಗಳು ಉಳಿದರೂ ಅವು ಕುರೂಪ ಅಲ್ಲ, ಒಂಥರಾ ಚೆಲುವು ಅಂತ ಅಗಸ್ಟೀನ್ ಕೂಡ ಯೋಚಿಸಿದ್ದ.

ದೊಡ್ಡಪ್ಪ ಏನೂ ಮಾತಾಡದೆ ಎದ್ದು ಹಿತ್ತಲಿಗೆ ಹೋದರು. ಹತ್ತು ನಿಮಿಷ ಬರಲಿಲ್ಲ. ಆಮೇಲೆ ಬಂದು ಸಹಿ ಹಾಕಿದರು. ಐ ಬ್ಯಾಂಕಿನವರ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗೀತು. ಅಜ್ಜಿಯ ಮುಖ ನಿದ್ದೆ ಮಾಡುವವರ ಹಾಗೇ ಇತ್ತು, ಯಾವ ವ್ಯತ್ಯಾಸವೂ ಕಾಣಲಿಲ್ಲ.

ಮಾರನೇ ದಿನ ಮಣ್ಣು ಹಾಕುವಾಗ ನಾನು ನೋಡಿದ್ದು ಅವಳ ಸೆಟೆದ ಬೆರಳನ್ನ. ಬಸ್ಸಿಗೆ ಹೊರಡುವಾಗಲೆಲ್ಲ ಆ ಕೈಯಲ್ಲೇ ನನ್ನ ಹಣೆ ಮೇಲೆ ಶಿಲುಬೆ ಗುರುತು ಹಾಕ್ತಿದ್ದಳು. ಒಂದು ಬೆರಳು ಬಾಗ್ತಿರಲಿಲ್ಲ, ಅದು ಹುಬ್ಬಿಗೆ ತಾಗ್ತಿತ್ತು. ಏಳುವ ದಿನ ಆ ಬೆರಳು ನೆಟ್ಟಗಾಗಿರುತ್ತಾ, ಹಾಗೇ ಇರುತ್ತಾ ಗೊತ್ತಿಲ್ಲ. ಹಾಗೇ ಇದ್ದರೆ ನನಗೆ ಬೇಗ ಗುರುತು ಸಿಗುತ್ತೆ.

ನವೆಂಬರ್ 2ಕ್ಕೆ ನಮ್ಮಲ್ಲಿ ತೀರಿಹೋದವರನ್ನ ನೆನೆಯುವ ದಿನ. ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ತೀವಿ. ಈ ಸಲ ಊರಿಗೆ ಹೋಗಲೇಬೇಕು ಅಂತಿದ್ದೀನಿ. ಅಟೆಂಡೆನ್ಸ್ ಎಷ್ಟಿದೆ ಅಂತ ಇನ್ನೂ ನೋಡಿಲ್ಲ.